ಅಮೆರಿಕದ ಸೈನಿಕರ ಸಂಬಳದ ಚೀಟಿ ಓದುವ ಕೆಲಸ

ಸಂಜೆ ಕ್ಯಾಬ್ ಹತ್ತಿ ಬೆಳಗಿನ ಜಾವ ಮನೆಗೆ ಬರುವವರನ್ನೆಲ್ಲ ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ನವರು ಅಂದುಬಿಡುತ್ತಾರೆ. ನಾನು ಯಾರಿಗೂ ಫೋನ್ ಮಾಡುವುದಿಲ್ಲ. ಅಮೆರಿಕದ ಒಂದು ಮನೆ ಸಾಲದ ಕಂಪನಿಗೆ ಬರುವ ಅರ್ಜಿಗಳಲ್ಲಿ ಅರ್ಜಿದಾರರ ಆದಾಯ ನಿಜಕ್ಕೂ ಎಷ್ಟು ಅಂತ ಕಾಗದ ನೋಡಿ ಲೆಕ್ಕ ಹಾಕುತ್ತೇನೆ. ಈಗ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಿರುವುದು ಬಹುತೇಕ ವಿಎ ಸಾಲದ ಫೈಲುಗಳು. ಅಂದರೆ ಅಲ್ಲಿನ ಸೈನಿಕರು ಮತ್ತು ಮಾಜಿ ಸೈನಿಕರ ಮನೆ ಸಾಲ. ಕೊನೆಯ ಸಹಿ ಅಮೆರಿಕದಲ್ಲಿ ಕೂತ ಅಂಡರ್‌ರೈಟರ್‌ದು, ಅಂದರೆ ಸಾಲ ಕೊಡಬಹುದಾ ಅಂತ ತೀರ್ಮಾನ ಮಾಡುವವರದು. ಅದಕ್ಕೆ ಮುಂಚಿನ ಕೂಡುವುದು, ಕಳೆಯುವುದು, 'ಈ ಕಾಗದ ಸಾಲದು, ಇನ್ನೊಂದು ತರಿಸಿ' ಅನ್ನುವುದು ನಮ್ಮ ಕೆಲಸ.

ಕೆಳಗೆ ಬರೆದಿರುವ ಉದಾಹರಣೆಗಳಲ್ಲಿ ಊರು, ಮೊತ್ತ ಎಲ್ಲ ಬದಲಾಯಿಸಿದ್ದೇನೆ. ನಿಯಮಗಳು ಮಾತ್ರ ಇದ್ದ ಹಾಗೇ ಇವೆ.

ವಿಎ ಅಂದರೆ ಅಲ್ಲಿನ ಡಿಪಾರ್ಟ್‌ಮೆಂಟ್ ಆಫ್ ವೆಟರನ್ಸ್ ಅಫೇರ್ಸ್. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಜಿಐ ಬಿಲ್‌ಗೆ, ಅಂದರೆ ಮಾಜಿ ಸೈನಿಕರಿಗೆ ಸೌಲಭ್ಯ ಕೊಡುವ ಕಾನೂನಿಗೆ, ಸಹಿ ಹಾಕಿದರು. ಈ ಸಾಲ ಅಲ್ಲಿಂದ ಬಂದದ್ದು. ಸರ್ಕಾರವೇ ಸಾಲ ಕೊಡುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ದುಡ್ಡು ಕೊಡುವುದು ಬ್ಯಾಂಕು ಅಥವಾ ಸಾಲದ ಕಂಪನಿ. ಸಾಲ ಮುಳುಗಿದರೆ ಸಾಮಾನ್ಯವಾಗಿ ಕಾಲು ಭಾಗದವರೆಗೆ ನಾನಿದ್ದೇನೆ ಅಂತ ವಿಎ ಖಾತರಿ ಕೊಡುತ್ತದೆ, ಅಷ್ಟೇ. ಆ ಖಾತರಿ ಇರುವುದರಿಂದ ಡೌನ್ ಪೇಮೆಂಟ್ ಬೇಡ, ತಿಂಗಳು ತಿಂಗಳು ಕಟ್ಟುವ ಮಾರ್ಟ್‌ಗೇಜ್ ಇನ್ಶೂರೆನ್ಸೂ ಇಲ್ಲ. ಬದಲಿಗೆ ಒಂದು ಸಲದ ಫಂಡಿಂಗ್ ಫೀ ಇದೆ. ಮೊದಲ ಸಲ, ಡೌನ್ ಪೇಮೆಂಟ್ ಇಲ್ಲದೆ ತೆಗೆದುಕೊಂಡರೆ ಸಾಲದ ಶೇಕಡಾ 2.15. ಸೇವೆಯಲ್ಲಿ ಆದ ಗಾಯಕ್ಕೋ ಕಾಯಿಲೆಗೋ ವಿಎಯಿಂದ ಪರಿಹಾರ ಪಡೆಯುವವರಿಗೆ ಅದೂ ಮಾಫಿ.

ಕೈಯಿಂದ ಒಂದು ಡಾಲರೂ ಹಾಕದೆ ಮನೆ ಕೊಳ್ಳುತ್ತಾರೆ ಅಂದರೆ ಸಾಲ ಕೊಟ್ಟವರಿಗೆ ಧೈರ್ಯ ಕೊಡುವುದು ಏನು? ಮುಂದೆ ಬರುವ ಸಂಬಳ. ಅದಕ್ಕೇ ಇಷ್ಟು ಕಾಗದ. ವಿಎ ಕೈಪಿಡಿಯ ನಾಲ್ಕನೇ ಅಧ್ಯಾಯ ನಮಗೆಲ್ಲ ಹೆಚ್ಚುಕಮ್ಮಿ ಬಾಯಿಪಾಠ. ಅದು ಕೇಳುವುದು ಇಷ್ಟೇ: ಈ ಆದಾಯ ಸ್ಥಿರವಾಗಿದೆಯಾ, ನಂಬಬಹುದಾ, ಮುಂದೆಯೂ ಬರುತ್ತದಾ?

ಹೊರಗೆ ಕೆಲಸ ಮಾಡುವ ಮಾಜಿ ಸೈನಿಕರದು ಮಾಮೂಲಿ ದಾರಿ. ಎರಡು ವರ್ಷದ ಕೆಲಸದ ಇತಿಹಾಸ, ವರ್ಷದ ಸಂಬಳ ಮತ್ತು ತೆರಿಗೆ ಕಡಿತ ತೋರಿಸುವ ಡಬ್ಲ್ಯು-2 ಫಾರಂಗಳು, ಇತ್ತೀಚಿನ ಪೇ ಸ್ಟಬ್ ಅಂದರೆ ಸಂಬಳದ ಚೀಟಿ, ಕಂಪನಿಯಿಂದ ದೃಢೀಕರಣ. ಸೇವೆಯಲ್ಲೇ ಇರುವವರದು ಬೇರೆ. ಅವರ ಸಂಬಳದ ಚೀಟಿಗೆ ಎಲ್‌ಇಎಸ್ ಅಂತಾರೆ. ಲೀವ್ ಅಂಡ್ ಅರ್ನಿಂಗ್ಸ್ ಸ್ಟೇಟ್‌ಮೆಂಟ್. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದೇ ಅದನ್ನು ಓದುವುದು.

ಒಂದೇ ಪುಟ, ತುಂಬಾ ಸಣ್ಣ ಅಕ್ಷರ. ಮೇಲಿನ ಸಾಲಿನಲ್ಲಿ ಹೆಸರು, ದರ್ಜೆ, ಎಷ್ಟು ವರ್ಷದ ಸೇವೆ, ಇಟಿಎಸ್ ಅನ್ನುವ ಒಂದು ತಾರೀಕು. ಅದರ ಕೆಳಗೆ ಮೂರು ಕಾಲಂ. ಎಡಗಡೆ ಬರಬೇಕಾದದ್ದು: ಮೂಲ ವೇತನ, ಊಟದ ಭತ್ಯೆ ಬಿಎಎಸ್, ಮನೆ ಭತ್ಯೆ ಬಿಎಎಚ್. ನಡುವೆ ಕಡಿತ. ಬಲಗಡೆ ಅಲಾಟ್‌ಮೆಂಟ್, ಅಂದರೆ ಸೈನಿಕನೇ ಹೇಳಿ ತನ್ನ ಸಂಬಳದಿಂದ ನೇರವಾಗಿ ಬೇರೆ ಕಡೆ ಕಳಿಸುವ ದುಡ್ಡು.

ನಡುವಿನ ಕಾಲಂನಲ್ಲಿ 'ಮಿಡ್ ಮಂತ್ ಪೇ' ಅಂತ ದೊಡ್ಡ ಮೊತ್ತ ಇರುತ್ತದೆ. ಹೊಸಬರು ಅದನ್ನು ಸಾಲದ ಕಂತು ಅಂದುಕೊಳ್ಳುತ್ತಾರೆ. ಅದು ಹದಿನೈದನೇ ತಾರೀಕು ಕೈಗೆ ಬಂದಾಗಿರುವ ಅರ್ಧ ಸಂಬಳ, ತಿಂಗಳ ಕೊನೆಗೆ ಲೆಕ್ಕ ಸರಿಹೊಂದಿಸಲು ಕಡಿತದಲ್ಲಿ ಕೂತಿದೆ. ಅದೇ ಕಾಲಂನಲ್ಲಿ ಎಎಫ್‌ಆರ್‌ಎಚ್ ಅಂತ 50 ಸೆಂಟಿನ ಒಂದು ಕಡಿತವೂ ಇರುತ್ತದೆ. ವಯಸ್ಸಾದ ಸೈನಿಕರ ವಸತಿಗೃಹಕ್ಕೆ ಸೈನಿಕರೇ ತಿಂಗಳಿಗೆ ಕೊಡುವ ವಂತಿಗೆ. ನಮ್ಮ ಲೆಕ್ಕಕ್ಕೆ ಏನೂ ವ್ಯತ್ಯಾಸ ಆಗುವುದಿಲ್ಲ, ಆದರೂ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.

ನಿಜವಾಗಿ ಹುಷಾರಾಗಿ ನೋಡಬೇಕಾದದ್ದು ಬಲಗಡೆ. ಅಲಾಟ್‌ಮೆಂಟ್ ಉಳಿತಾಯಕ್ಕೆ ಹೋಗುತ್ತಿರಬಹುದು, ಅಮ್ಮನಿಗೆ ಹೋಗುತ್ತಿರಬಹುದು. ಕಾರಿನ ಸಾಲಕ್ಕೋ, ಮೊದಲ ಮದುವೆಯ ಮಗುವಿನ ಖರ್ಚಿಗೋ ಹೋಗುತ್ತಿರಬಹುದು. ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣದ ಸಾಲ ಇಲ್ಲಿ ಕಾಣುತ್ತದೆ. ಅದಕ್ಕೇ ಪ್ರತಿ ಅಲಾಟ್‌ಮೆಂಟ್‌ಗೂ ಇದು ಏನು, ಎಲ್ಲಿಯವರೆಗೆ ಅಂತ ಕಾಗದ ಕೇಳುತ್ತೇವೆ. ಸೈನಿಕರಿಗೆ ಸಿಟ್ಟು ಬರುತ್ತದೆ ಅಂತ ಲೋನ್ ಆಫೀಸರ್‌ಗಳು ನಮಗೆ ಬರೆಯುತ್ತಾರೆ. ಬರಲಿ.

ಈಗ ಆ ಇಟಿಎಸ್ ತಾರೀಕು. ಸೇವೆಯ ಒಪ್ಪಂದ ಮುಗಿಯುವ ದಿನ ಅದು. ಸಾಲ ಕ್ಲೋಸ್ ಆಗುವ, ಅಂದರೆ ಕಾಗದಪತ್ರಕ್ಕೆ ಸಹಿ ಬಿದ್ದು ಸಾಲ ಶುರುವಾಗುವ ದಿನದಿಂದ 12 ತಿಂಗಳೊಳಗೆ ಆ ತಾರೀಕು ಬಂದರೆ ಫೈಲು ಅಲ್ಲೇ ನಿಲ್ಲುತ್ತದೆ. ಇವತ್ತಿನ ಸಂಬಳ ಎಷ್ಟೇ ಚೆನ್ನಾಗಿರಲಿ, ಮುಂದಿನ ವರ್ಷ ಈ ಮನುಷ್ಯ ಏನು ದುಡಿಯುತ್ತಾನೆ? ಅದಕ್ಕೆ ವಿಎ ಕೆಲವು ದಾರಿ ಕೊಟ್ಟಿದೆ. ಮತ್ತೆ ಒಪ್ಪಂದ ಮಾಡಿಕೊಂಡ ಕಾಗದ ತೋರಿಸಬಹುದು. ಇಲ್ಲವಾದರೆ 'ನಾನು ಮುಂದುವರಿಯುತ್ತೇನೆ' ಅಂತ ಸೈನಿಕನ ಪತ್ರ, ಜೊತೆಗೆ 'ಇವರಿಗೆ ಅರ್ಹತೆ ಇದೆ, ನಿರಾಕರಿಸುವ ಕಾರಣ ನನಗೇನೂ ಕಾಣುತ್ತಿಲ್ಲ' ಅಂತ ಕಮಾಂಡಿಂಗ್ ಆಫೀಸರ್ ಪತ್ರ. ಅದೂ ಇಲ್ಲ ಅಂದರೆ ಬಿಡುಗಡೆ ಆದಮೇಲೆ ಅದೇ ಊರಿನಲ್ಲಿ ಕಾಯುತ್ತಿರುವ ಕೆಲಸದ ಆಫರ್ ಲೆಟರ್. ಇದಾವುದೂ ಇಲ್ಲದಿದ್ದರೆ ಬೇರೆ ಬಲವಾದ ಕಾರಣ ಬೇಕು, ಶೇಕಡಾ 10 ಡೌನ್ ಪೇಮೆಂಟ್ ಅಥವಾ ಕೈಯಲ್ಲಿ ಒಳ್ಳೆ ಗಂಟು.

ಕಮಾಂಡಿಂಗ್ ಆಫೀಸರ್‌ಗಳ ಪತ್ರ ಓದುವುದು ನನಗಿಷ್ಟ. ಎರಡೋ ಮೂರೋ ವಾಕ್ಯ, ಒಂದು ಪದ ಜಾಸ್ತಿ ಇಲ್ಲ. ಈ ಪತ್ರಗಳಲ್ಲಿ ಒಂದು ತಮಾಷೆ ಕೂಡ ಆಯಿತು. ನಾರ್ತ್ ಕ್ಯಾರೊಲೈನಾದ ಫೋರ್ಟ್ ಬ್ರ್ಯಾಗ್‌ಗೆ 2023ರಲ್ಲಿ ಫೋರ್ಟ್ ಲಿಬರ್ಟಿ ಅಂತ ಹೆಸರಿಟ್ಟರು. 2025ರಲ್ಲಿ ಮತ್ತೆ ಬ್ರ್ಯಾಗ್ ಮಾಡಿದರು. ಒಂದೇ ಫೈಲಿನಲ್ಲಿ ಹಳೆಯ ಕಾಗದ ಲಿಬರ್ಟಿ ಅನ್ನುತ್ತದೆ, ಹೊಸದು ಬ್ರ್ಯಾಗ್ ಅನ್ನುತ್ತದೆ. ನಮ್ಮ ಹೊಸ ಹುಡುಗರು 'ಸ್ಥಳ ತಾಳೆಯಾಗುತ್ತಿಲ್ಲ, ವಿವರಣೆ ಪತ್ರ ಬೇಕು' ಅಂತ ಕಂಡೀಷನ್ ಹಾಕಿ ಕಳಿಸುತ್ತಿದ್ದರು. ಆ ಸೈನಿಕ ಕೂತಲ್ಲಿಂದ ಕದಲಿರಲಿಲ್ಲ, ಊರಿನ ಬೋರ್ಡ್ ಬದಲಾಗಿತ್ತು ಅಷ್ಟೇ.

ಆಗಷ್ಟೇ ಸೇನೆ ಬಿಟ್ಟು ಬಂದವರ ಫೈಲು ಬೇರೆ ಥರದ ಕಷ್ಟ. ಹೊಸ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು ಆಗಿರುತ್ತದೆ. 12 ತಿಂಗಳಿಗಿಂತ ಕಡಿಮೆ ಇರುವ ಕೆಲಸವನ್ನು ಸಾಮಾನ್ಯವಾಗಿ ಸ್ಥಿರ ಅಂತ ಒಪ್ಪುವುದಿಲ್ಲ. ಹಾಗಂತ ಎಂಟು ವರ್ಷ ದೇಶಕ್ಕೆ ದುಡಿದವನಿಗೆ 'ನಿನಗೆ ಕೆಲಸದ ಇತಿಹಾಸ ಇಲ್ಲ' ಅನ್ನಲು ಆಗುತ್ತದಾ? ಇಲ್ಲಿ ಕೈಹಿಡಿಯುವುದು ಡಿಡಿ-214, ಬಿಡುಗಡೆ ಪತ್ರ. ಬಹಳ ಜನ ಅದರಲ್ಲಿ 24ನೇ ಚೌಕ ಒಂದೇ ನೋಡುತ್ತಾರೆ, ಗೌರವದಿಂದ ಬಿಡುಗಡೆ ಆದರಾ ಇಲ್ಲವಾ ಅಂತ. ನಾನು 11ನೇ ಚೌಕಕ್ಕೆ ಹೋಗುತ್ತೇನೆ. ಸೇನೆಯಲ್ಲಿ ಮಾಡುತ್ತಿದ್ದ ಕೆಲಸದ ಸಂಕೇತ, ಎಷ್ಟು ವರ್ಷ ಅನ್ನುವುದು ಅಲ್ಲಿರುತ್ತದೆ.

ಒಬ್ಬರದು 88ಎಂ ಅಂತಿತ್ತು. ಆರ್ಮಿಯಲ್ಲಿ ಅದು ಲಾರಿ ಓಡಿಸುವವರ ಸಂಕೇತ. ಈಗ ಅವರು ಒಕ್ಲಹೋಮಾದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಲಾರಿ ಡ್ರೈವರ್, ಗಂಟೆ ಲೆಕ್ಕದ ಕೂಲಿ. ಅಂದರೆ ಸ್ಟೀರಿಂಗ್ ಹಿಡಿದು ನಾಲ್ಕು ತಿಂಗಳಲ್ಲ, ವರ್ಷಗಳೇ ಆಗಿವೆ. ಡಿಡಿ-214, ಹಳೆಯ ಎಲ್‌ಇಎಸ್, ಹೊಸ ಕಂಪನಿಯ ಪತ್ರ ಮೂರನ್ನೂ ಜೋಡಿಸಿ ಒಂದು ಪ್ಯಾರಾ ಟಿಪ್ಪಣಿ ಬರೆದೆ. ವಾರಕ್ಕೆ 40 ಗಂಟೆಯ ಸಂಬಳ ತೆಗೆದುಕೊಂಡೆವು. ಓವರ್‌ಟೈಮ್ ಚೆನ್ನಾಗಿ ಬರುತ್ತಿತ್ತು, ಅದನ್ನು ಸೇರಿಸಲಿಲ್ಲ. ಓವರ್‌ಟೈಮ್‌ಗೆ ಎರಡು ವರ್ಷದ ದಾಖಲೆ ಬೇಕು. ಪದಾತಿ ದಳದಲ್ಲಿ ಇದ್ದವರು ಇನ್ಶೂರೆನ್ಸ್ ಮಾರಲು ಹೊರಟಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ.

ನನಗೆ ವಿಎ ಫೈಲುಗಳೇ ಹೆಚ್ಚು ಹಿಡಿಸಲು ಒಂದು ಕಾರಣ ಇದೆ. ಅದೇ ರೆಸಿಡ್ಯುಯಲ್ ಇನ್‌ಕಮ್. ಎಲ್ಲ ಕಳೆದಮೇಲೆ ಮನೆ ನಡೆಸಲು ಉಳಿಯುವ ದುಡ್ಡು.

ಬೇರೆ ಸಾಲಗಳಲ್ಲಿ ಮುಖ್ಯವಾಗಿ ನೋಡುವುದು ಆದಾಯದಲ್ಲಿ ಶೇಕಡಾ ಎಷ್ಟು ಸಾಲಕ್ಕೆ ಹೋಗುತ್ತದೆ ಅಂತ. ವಿಎಗೂ ಆ ಲೆಕ್ಕ ಇದೆ, ಶೇಕಡಾ 41 ದಾಟಿದರೆ ಕಾರಣ ಕೊಡಬೇಕು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಇಟ್ಟಿದ್ದಾರೆ. ತೆರಿಗೆ, ಮನೆ ಕಂತು, ಬೇರೆ ಸಾಲ, ಮನೆಯ ಕರೆಂಟು, ನೀರು, ರಿಪೇರಿ ಎಲ್ಲ ಹೋದಮೇಲೆ ಎಷ್ಟು ಉಳಿಯುತ್ತದೆ? ಮನೆಯಲ್ಲಿ ಎಷ್ಟು ಜನ? ಯಾವ ಪ್ರದೇಶ? ಸಾಲ 80,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಮನೆಯಲ್ಲಿ ನಾಲ್ಕು ಜನ ಇದ್ದರೆ ದಕ್ಷಿಣದಲ್ಲಿ ತಿಂಗಳಿಗೆ 1,003 ಡಾಲರ್ ಉಳಿಯಬೇಕು. ಈಶಾನ್ಯದಲ್ಲಿ 1,025, ಪಶ್ಚಿಮದಲ್ಲಿ 1,117. ಕರೆಂಟು, ನೀರು, ರಿಪೇರಿಗೆ ಮನೆಯ ಪ್ರತಿ ಚದರಡಿಗೆ 14 ಸೆಂಟು ಅಂತ ಹಿಡಿಯುತ್ತೇವೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಟೆಕ್ಸಸ್, ಗಂಡ, ಹೆಂಡತಿ, ಎರಡು ಮಕ್ಕಳು. ಸಂಬಳ 4,800 ಡಾಲರ್, ವಿಎ ಅಂಗವೈಕಲ್ಯ ಪರಿಹಾರ 1,100. ಒಟ್ಟು 5,900. ಮನೆ ಕಂತು ತೆರಿಗೆ, ವಿಮೆ ಸೇರಿ 1,900. ಕಾರು 430, ಕ್ರೆಡಿಟ್ ಕಾರ್ಡ್ 70, ಮಕ್ಕಳನ್ನು ನೋಡಿಕೊಳ್ಳುವವರಿಗೆ 500. ಕೂಡಿದರೆ 2,900, ಅಂದರೆ ಆದಾಯದ ಶೇಕಡಾ 49. ಪರಿಹಾರದ ದುಡ್ಡಿಗೆ ತೆರಿಗೆ ಇಲ್ಲ. ಹಾಗಾಗಿ ಅದನ್ನು ತೆರಿಗೆ ಕಟ್ಟುವವರ ಸಂಬಳಕ್ಕೆ ಸಮ ಮಾಡಲು ಶೇಕಡಾ 25 ಏರಿಸಿ 1,375 ಅಂತ ತೆಗೆದುಕೊಳ್ಳಬಹುದು. ಇದಕ್ಕೆ ಗ್ರಾಸ್ ಅಪ್ ಅಂತಾರೆ. ಆಗ 47ಕ್ಕೆ ಇಳಿಯುತ್ತದೆ. ಆದರೂ 41ಕ್ಕಿಂತ ಜಾಸ್ತಿಯೇ.

ಈಗ ಉಳಿಕೆ ನೋಡಿ. 5,900ರಲ್ಲಿ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಅಂತ 610 ಹೋಯಿತು. ಆ 2,900 ಹೋಯಿತು. 1,800 ಚದರಡಿ ಮನೆಗೆ 252 ಹೋಯಿತು. ಉಳಿದದ್ದು 2,138. ಬೇಕಾದ 1,003ರ ಎರಡು ಪಟ್ಟಿಗಿಂತ ಜಾಸ್ತಿ! 41 ದಾಟಿದವರಿಗೆ ಉಳಿಕೆ ಶೇಕಡಾ 20ರಷ್ಟು ಹೆಚ್ಚು ಇದ್ದರೆ ಅದೇ ಒಳ್ಳೆ ಸಮರ್ಥನೆ. ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ.

ಗಮನಿಸಿ, ಉಳಿಕೆಯ ಲೆಕ್ಕದಲ್ಲಿ ನಾನು 1,375 ಹಾಕಲಿಲ್ಲ, 1,100 ಹಾಕಿದೆ. ವಿಎ ನಿಯಮವೇ ಹಾಗಿದೆ. ಗ್ರಾಸ್ ಅಪ್ ಮಾಡಿದ ಮೊತ್ತ ಶೇಕಡಾವಾರು ಲೆಕ್ಕಕ್ಕೆ ಮಾತ್ರ. ಆ ಹೆಚ್ಚುವರಿ 275 ಡಾಲರ್ ಕಾಗದದ ಮೇಲಿನದು, ಅದನ್ನು ಕೊಟ್ಟರೆ ಅಂಗಡಿಯವನು ಹಾಲು ಕೊಡುವುದಿಲ್ಲ. ಈ ನಿಯಮ ಬರೆದವರು ಯಾರೋ ಸಂಸಾರ ಮಾಡಿದವರು ಇರಬೇಕು ಅಂತ ನನಗೆ ಅನಿಸುತ್ತದೆ. ಆದರೆ ಎಷ್ಟು ಉಳಿಯಬೇಕು ಅನ್ನುವ ಕೋಷ್ಟಕದ ಅಂಕಿಗಳು ಬಹಳ ವರ್ಷಗಳಿಂದ ಬದಲಾಗಿಲ್ಲ. ಇವತ್ತಿನ ಅಮೆರಿಕದ ದಿನಸಿ ಬೆಲೆಯಲ್ಲಿ ನಾಲ್ಕು ಜನಕ್ಕೆ 1,003 ಡಾಲರ್ ಅನ್ನುವುದು ತೀರಾ ಬಿಗಿ. ಅದನ್ನು ಪರಿಷ್ಕರಿಸಬೇಕು ಅನ್ನುವವರ ಜೊತೆ ನಾನಿದ್ದೇನೆ. ನನ್ನ ಮಾತು ಯಾರು ಕೇಳುತ್ತಾರೆ, ಬಿಡಿ.

ಸೇವೆಯಲ್ಲಿ ಇರುವವರಿಗೆ, ಹತ್ತಿರದ ನೆಲೆಯಲ್ಲಿ ಅಗ್ಗದ ದಿನಸಿ ಅಂಗಡಿ ಇದ್ದರೆ, ಉಳಿಕೆಯ ಮಿತಿಯಲ್ಲಿ ಶೇಕಡಾ 5 ಕಡಿಮೆ ಮಾಡಬಹುದು. ನಮ್ಮ ಮಿಲಿಟರಿ ಕ್ಯಾಂಟೀನ್ ಇದ್ದ ಹಾಗೆ. ಇದನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದಾಗ ಬಹಳ ಖುಷಿಪಟ್ಟರು. ಅವರು ಇಲ್ಲೇ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತಿ ಆದವರು, ಈಗ ಅರಕಲಗೂಡಿನಲ್ಲಿ ಇದ್ದಾರೆ. ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಲು ಬ್ಯಾಂಕಿಗೆ ಹೋಗಿದ್ದರು. ಪಿಪಿಒ ಅಂದರೆ ಪೆನ್ಷನ್ ಪೇಮೆಂಟ್ ಆರ್ಡರ್, ಸ್ಪರ್ಶ್ ಪೋರ್ಟಲ್‌ನಿಂದ ಪೆನ್ಷನ್ ಸ್ಲಿಪ್, ಪಾಸ್‌ಬುಕ್ ಎಂಟ್ರಿ ಎಲ್ಲ ಕೇಳಿದರಂತೆ.

'ಅರ್ಜಿಯಲ್ಲಿ ಅವಲಂಬಿತರು ಎಷ್ಟು ಅಂತ ಒಂದು ಕಾಲಂ ಇತ್ತು ಕಣಮ್ಮ. ಐದು ಅಂತ ಬರೆದೆ. ಆಫೀಸರ್ ಅದನ್ನ ನೋಡ್ಲೇ ಇಲ್ಲ, ಪೆನ್ಷನ್‌ನಲ್ಲಿ ಇಎಂಐ ಎಷ್ಟು ಪರ್ಸೆಂಟ್ ಅಂತ ಕ್ಯಾಲ್ಕುಲೇಟರ್ ಒತ್ತಿದ್ರು, ಮುಗೀತು' ಅಂದರು.

'ಅಲ್ಲಿ ಐದು ಜನ ಅಂದ್ರೆ ಐದು ಜನರ ಲೆಕ್ಕವೇ ಬೇರೆ ಚಿಕ್ಕಪ್ಪ' ಅಂದೆ.

'ಹಂಗಾದ್ರೆ ನಂಗೆ ಸಾಲ ಸಿಗ್ತಿರ್ಲಿಲ್ಲ ಬಿಡು' ಅಂತ ನಕ್ಕರು. ಹೌದು, ಆ ಮಾತೂ ನಿಜ. ತಲೆ ಎಣಿಸುವ ನಿಯಮ ದೊಡ್ಡ ಸಂಸಾರಕ್ಕೆ ಕೆಲವೊಮ್ಮೆ ಅಡ್ಡ ಬರುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಏಳು ಜನರ ಮನೆಗೆ 1,318 ಡಾಲರ್ ಉಳಿಯಬೇಕು. ಶೇಕಡಾ 40ರೊಳಗೆ ಇದ್ದೂ ಈ ಉಳಿಕೆ ಇಲ್ಲದೆ ನಿಂತುಹೋದ ಫೈಲುಗಳನ್ನು ನೋಡಿದ್ದೇನೆ.

ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಅಂದೆನಲ್ಲ, ಅದಕ್ಕೂ ಕಾಗದ ಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಚಿಕ್ಕವರು ಅಂದರೆ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಕೊಡುತ್ತೀರಿ ಅಂತ ಕೇಳಲೇಬೇಕು. ಅಜ್ಜಿ ನೋಡಿಕೊಳ್ಳುತ್ತಾರೆ ಅಂದರೆ ನಮ್ಮ ಕಂಪನಿಯಲ್ಲಿ ಅಜ್ಜಿಯಿಂದಲೂ ಪತ್ರ ತರಿಸುತ್ತಾರೆ: 'ಮೊಮ್ಮಕ್ಕಳನ್ನು ನಾನೇ ನೋಡಿಕೊಳ್ಳುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ', ಕೆಳಗೆ ಸಹಿ, ತಾರೀಕು. ಇದನ್ನು ನಮ್ಮಮ್ಮನ ಹತ್ತಿರ ಬರೆಸಲು ಹೋಗಿದ್ದರೆ ಸಾಲವೂ ಬೇಡ, ಮನೆಯೂ ಬೇಡ ಅನ್ನುವಷ್ಟು ಮಂಗಳಾರತಿ ಆಗುತ್ತಿತ್ತು.

ಓದುತ್ತಿರುವ ಮಾಜಿ ಸೈನಿಕರಿಂದ ಮತ್ತೆ ಮತ್ತೆ ಬರುವ ಒಂದು ಬೇಡಿಕೆ ಇದೆ. ಜಿಐ ಬಿಲ್‌ನಡಿ ಕಾಲೇಜಿಗೆ ಹೋಗುವಾಗ ತಿಂಗಳು ತಿಂಗಳು ಬರುವ ವಸತಿ ಭತ್ಯೆಯನ್ನು ಆದಾಯಕ್ಕೆ ಸೇರಿಸಿ ಅಂತ. ಸೇರಿಸುವ ಹಾಗಿಲ್ಲ. ಓದು ಮುಗಿದರೆ ಭತ್ಯೆ ನಿಂತಿತು, ಸೆಮಿಸ್ಟರ್ ನಡುವಿನ ರಜೆಯಲ್ಲೂ ಬರುವುದಿಲ್ಲ. ನ್ಯಾಷನಲ್ ಗಾರ್ಡ್, ರಿಸರ್ವ್‌ನವರ, ಅಂದರೆ ಅರೆಕಾಲಿಕ ಸೈನಿಕರ ತಿಂಗಳಿಗೊಂದು ವಾರಾಂತ್ಯದ ಡ್ರಿಲ್ ಸಂಬಳವನ್ನು ಸ್ವಲ್ಪ ಕಾಲದಿಂದ ಬರುತ್ತಿದ್ದರೆ ಒಪ್ಪುತ್ತೇವೆ. ಸ್ವಂತ ವ್ಯಾಪಾರದವರದು ಎರಡು ವರ್ಷದ ತೆರಿಗೆ ರಿಟರ್ನ್, ಎಲ್ಲ ಶೆಡ್ಯೂಲ್ ಸಮೇತ, ಜೊತೆಗೆ ಈ ವರ್ಷದ ಲಾಭ ನಷ್ಟದ ಪಟ್ಟಿ. ತೆರಿಗೆ ಉಳಿಸಲು ಖರ್ಚು ಜಾಸ್ತಿ ತೋರಿಸಿದವರು ಸಾಲದ ಹೊತ್ತಿಗೆ ಪೇಚಾಡುತ್ತಾರೆ. ಸವಕಳಿಯನ್ನು ವಾಪಸ್ ಕೂಡಿಸಿಕೊಳ್ಳಬಹುದು. ಊಟ, ಪೆಟ್ರೋಲು ಅಂತ ಬರೆದದ್ದು ಹೋಗಿದ್ದು ಹೋಯಿತು.

ಕಾಗದ ನಕಲಿಯಾ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಾರೆ. ಪೇ ಸ್ಟಬ್ ಬಂದ ತಕ್ಷಣ ನಾನು ಮಾಡುವುದು ಒಂದೇ ಗುಣಾಕಾರ. ಪಿಂಚಣಿಗೆ ಹೋಗುವ ಸೋಷಿಯಲ್ ಸೆಕ್ಯುರಿಟಿ ಶೇಕಡಾ 6.2, ವಯಸ್ಸಾದವರ ಆರೋಗ್ಯ ವಿಮೆಗೆ ಹೋಗುವ ಮೆಡಿಕೇರ್ 1.45. ಸಂಬಳಕ್ಕೆ ಗುಣಿಸಿ ಚೀಟಿಯಲ್ಲಿರುವ ಕಡಿತಕ್ಕೆ ಹೋಲಿಸುವುದು. ಫೋಟೊಶಾಪ್‌ನಲ್ಲಿ ಸಂಬಳ ತಿದ್ದಿದವರು ಇದನ್ನು ತಿದ್ದಲು ಮರೆಯುತ್ತಾರೆ. ಆದರೆ ತಾಳೆಯಾಗಲಿಲ್ಲ ಅಂದ ಮಾತ್ರಕ್ಕೆ ನಕಲಿ ಅಂತ ಬರೆದುಬಿಡಬಾರದು. ಆರೋಗ್ಯ ವಿಮೆಯ ಕಂತು ತೆರಿಗೆಗೆ ಮುಂಚೆ ಕಡಿತವಾಗಿದ್ದರೆ ಆ 6.2 ಲೆಕ್ಕ ಹಾಕುವ ಮೊತ್ತವೇ ಕಡಿಮೆ ಆಗಿರುತ್ತದೆ. ಮೊದಲು ವಿಮೆ ಕಳೆದು ಗುಣಿಸಿ ನೋಡಬೇಕು. ಆಗ ಸೆಂಟಿಗೆ ಸೆಂಟು ಕೂಡಿಬರುತ್ತದೆ. ಇದರ ಮೇಲೆ 4506-ಸಿ ಫಾರಂಗೆ ಸಹಿ ಹಾಕಿಸಿಕೊಂಡು ತೆರಿಗೆ ಇಲಾಖೆಯಿಂದಲೇ ರಿಟರ್ನ್ ವಿವರ ತರಿಸುವ ದಾರಿಯೂ ಇದೆ.

ಎಲ್ಲ ಮುಗಿದು ಕ್ಲೋಸಿಂಗ್ ಹತ್ತಿರ ಬಂದಾಗ ನಮ್ಮ ಅಮೆರಿಕದ ತಂಡದವರು ಅರ್ಜಿದಾರರ ಕಂಪನಿಗೆ ಒಂದು ಫೋನ್ ಮಾಡುತ್ತಾರೆ. ಇವರು ಇನ್ನೂ ಕೆಲಸದಲ್ಲಿ ಇದ್ದಾರಾ? ಬಹುತೇಕ ಸಲ ಒಂದು ನಿಮಿಷದ ಮಾತು. ಕೆಲವೊಮ್ಮೆ ಆ ಕಡೆಯಿಂದ 'ಅವರು ಹೋದ ಶುಕ್ರವಾರವೇ ಬಿಟ್ಟರಲ್ಲ' ಅಂತ ಉತ್ತರ ಬರುತ್ತದೆ. ಜಾಸ್ತಿ ಸಂಬಳದ ಕೆಲಸ ಸಿಕ್ಕಿತು, ಸಾಲಕ್ಕೆ ಇನ್ನೂ ಒಳ್ಳೆಯದೇ ಅಲ್ವಾ ಅಂದುಕೊಂಡು ಹೋಗಿರುತ್ತಾರೆ. ಆಗ ಹೊಸ ಕಂಪನಿಯ ಆಫರ್ ಲೆಟರ್, ಮೊದಲ ಪೇ ಸ್ಟಬ್, ಕೆಲಸ ಯಾಕೆ ಬದಲಾಯಿಸಿದಿರಿ ಅನ್ನುವ ವಿವರಣೆ ಎಲ್ಲ ಹೊಸದಾಗಿ ಬೇಕು. ಟ್ರಕ್ಕಿಗೆ ಸಾಮಾನು ತುಂಬಿಸಿಕೊಂಡವರೂ ಕಾಯಬೇಕು. ಫೈಲು ಮತ್ತೆ ನನ್ನ ಸರದಿಗೆ ಬರುತ್ತದೆ, ಮೇಲೆ ಕೆಂಪು ಅಕ್ಷರದಲ್ಲಿ 'ರಶ್' ಅಂತ ಬರೆದಿರುತ್ತಾರೆ.